ರೋಗ ಹೋದ ಮೇಲೆ ಬಂದ ತಲೆಸುತ್ತು

ಅಂಗಳದ ನಡುವೆ ಕೈಗಳನ್ನು ಚಾಚಿ ಗಿರಗಿರನೆ ತಿರುಗಿ, ತಟ್ಟನೆ ನಿಂತು, ತಾನು ನಿಂತ ಮೇಲೆಯೂ ಮನೆ, ಮರ, ಮುಗಿಲುಗಳೆಲ್ಲ ತಿರುಗುತ್ತಲೇ ಇರುವ ಸೋಜಿಗವನ್ನು ಕಂಡು ನಗುತ್ತ ನೆಲಕ್ಕೊರಗದ ಮಗು ಬಹುಶಃ ಯಾವ ಊರಿನಲ್ಲಿಯೂ ಇರಲಾರದು. ಆ ಆಟದ ತಲೆಸುತ್ತು ಅರೆಗಳಿಗೆಯಲ್ಲಿ ಇಳಿದುಹೋಗುವುದರಿಂದ ಅದರ ಕಾರಣವನ್ನು ವಿಚಾರಿಸುವ ಗೋಜಿಗೆ ನಾವು ಹೋಗುವುದಿಲ್ಲ. ಆದರೆ ಹಾಸಿಗೆಯ ಮೇಲೆ ಅಲುಗಾಡದೆ ಮಲಗಿರುವ ಮನುಷ್ಯನೊಬ್ಬನಿಗೆ, ಆಟವಾಡಿರುವುದಿರಲಿ, ಕತ್ತನ್ನೂ ತಿರುಗಿಸದವನಿಗೆ, ಮೇಲಿನ ಮಾಳಿಗೆಯೂ ಎದುರಿನ ಗೋಡೆಯೂ ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಹರಿದುಹೋಗುತ್ತಿರುವಂತೆ ಕಂಡರೆ ಅದನ್ನು ಏನೆನ್ನಬೇಕು?

ಇಂತಹ ಅವಸ್ಥೆ ಸಾಮಾನ್ಯವಾಗಿ ಬರುವ ಒಂದು ಸಂದರ್ಭವುಂಟು. ಕಿವಿಯಿಂದ ಮಿದುಳಿಗೆ ಹೋಗುವ ಎಂಟನೆಯ ನರದ ಹೊದಿಕೆಯಲ್ಲಿ ಕೆಲವರಿಗೆ ಒಂದು ಗೆಡ್ಡೆ ಹುಟ್ಟುವುದು. ಅಕೌಸ್ಟಿಕ್ ನ್ಯೂರೋಮಾ ಎಂಬುದು ಅದರ ಹಳೆಯ ಹೆಸರು. ಈಗಿನ ವೈದ್ಯರು ವೆಸ್ಟಿಬ್ಯುಲರ್ ಶ್ವಾನ್ನೋಮಾ ಎನ್ನುವರು. ಅದು ಕ್ಯಾನ್ಸರ್ ಅಲ್ಲ. ಬೆಳೆದರೂ ಬಹುಮಟ್ಟಿಗೆ ವರ್ಷಕ್ಕೆ ಒಂದೆರಡು ಮಿಲಿಮೀಟರಿನಷ್ಟೇ ಬೆಳೆಯುವಂಥದು. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಲ್ಲಿ ಅದು ಪತ್ತೆಯಾಗುವುದು. ಮೊದಮೊದಲು ಒಂದು ಕಿವಿ ಮಂದವಾಗುವುದು, ಅದರಲ್ಲಿ ಎಡೆಬಿಡದ ಮೊರೆತ ಕೇಳಿಸುವುದು. ತಲೆಸುತ್ತು ಮಾತ್ರ ಇಲ್ಲವೆನ್ನುವಷ್ಟು ಅಲ್ಪ. ಚಿಕ್ಕ ಗೆಡ್ಡೆಯನ್ನು ಸುಮ್ಮನೆ ಗಮನಿಸುತ್ತಿರುವುದೂ ಉಂಟು, ವಿಕಿರಣದಿಂದ ಅದರ ಬೆಳವಣಿಗೆಯನ್ನು ತಡೆಯುವುದೂ ಉಂಟು; ದೊಡ್ಡದಾದುದನ್ನು ಕತ್ತರಿಸಿ ತೆಗೆಯಲೇಬೇಕು. ತೆಗೆದದ್ದಾಯಿತು, ಶಸ್ತ್ರಕ್ರಿಯೆ ಸಫಲವಾಯಿತು, ಮನೆಮಂದಿ ನಿಟ್ಟುಸಿರು ಬಿಟ್ಟರು. ಮರುದಿನ ಬೆಳಗ್ಗೆ ರೋಗಿ ಕಣ್ಣು ತೆರೆದರೆ ಲೋಕವೇ ತಿರುಗುತ್ತಿದೆ, ಹೊಟ್ಟೆ ತೊಳಸುತ್ತಿದೆ, ಕುಳಿತರೆ ಮೈ ಒಂದು ಪಕ್ಕಕ್ಕೆ ವಾಲುತ್ತಿದೆ. ರೋಗವಿದ್ದಾಗ ಇಲ್ಲದ ತಲೆಸುತ್ತು ರೋಗ ಹೋದ ಮೇಲೆ ಬಂದದ್ದೇಕೆ? ವಾರಗಳು ಕಳೆದು ಗಾಯ ಒಣಗಿ ಹೊಲಿಗೆ ಬಿಚ್ಚಿದ ಮೇಲೆಯೂ, ಅರ್ಧ ತಾಸು ಪತ್ರಿಕೆ ಓದಿದರೆ ದಿನವಿಡೀ ದುಡಿದವನಷ್ಟು ಆಯಾಸವಾಗುವುದೇಕೆ? ಈ ಎರಡು ಪ್ರಶ್ನೆಗಳಿಗೆ ಮೂಲದಲ್ಲಿ ಒಂದೇ ಉತ್ತರವಿರುವುದು.

ಮೊದಲು ಬೇರೆಯಾಗಿಡಬೇಕಾದ ಮಾತು

ಯಾವ ಶಸ್ತ್ರಕ್ರಿಯೆಯಾದರೂ ಸರಿ, ಅದಾದ ಒಂದೆರಡು ದಿನಗಳಲ್ಲಿ ಹಾಸಿಗೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆಗಟ್ಟಿ ಕಾಲು ಕುಸಿಯುವುದುಂಟು. ನಾವು ನಿಂತೊಡನೆ ಅರ್ಧ ಲೀಟರಿಗೂ ಮಿಗಿಲಾದ ರಕ್ತ ಹೊಟ್ಟೆಗೂ ಕಾಲುಗಳಿಗೂ ಇಳಿಯುವುದು. ಆಗ ರಕ್ತನಾಳಗಳು ಬಿಗಿದು ಹೃದಯ ಚುರುಕಾಗಿ ತಲೆಯಲ್ಲಿ ರಕ್ತದ ಒತ್ತಡವನ್ನು ಕಾಯ್ದುಕೊಳ್ಳಬೇಕು. ಮಲಗಿದ ದಿನಗಳು, ಹೋದ ರಕ್ತ, ನೋವಿನ ಔಷಧಗಳು ಈ ಚುರುಕನ್ನು ಕುಂದಿಸುವುವು. ಇದಕ್ಕೆ ಪರಿಹಾರ ಸರಳ: ಸಾಕಷ್ಟು ನೀರು ಕುಡಿದಿರಬೇಕು, ಎದ್ದು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೊಂಚ ಕುಳಿತು, ಅನಂತರ ಒಬ್ಬರ ಆಸರೆಯಲ್ಲಿ ನಿಲ್ಲಬೇಕು. ಮತ್ತೆ ಮಲಗಿದರೆ ಇದು ಅಡಗುವುದು. ನಾವು ವಿಚಾರಿಸಹೊರಟಿರುವ ತಲೆಸುತ್ತಾದರೋ ಮಲಗಿದರೂ ಅಡಗುವಂಥದಲ್ಲ. ಅದರ ನೆಲೆ ರಕ್ತದಲ್ಲಿಲ್ಲ, ಒಳಗಿವಿಯಲ್ಲಿದೆ.

ಕೇಳಿಸುವುದಕ್ಕಲ್ಲದ ಕಿವಿ

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸುರುಳಿಯ ಪಕ್ಕದಲ್ಲಿಯೇ ಮೂರು ಅರ್ಧವೃತ್ತಾಕಾರದ ಸೂಕ್ಷ್ಮ ನಾಳಗಳಿರುವುವು. ಬಹುಕಾಲ ಅವೂ ಶ್ರವಣಕ್ಕಾಗಿಯೇ ಇರುವುವೆಂದು ಪಂಡಿತರು ನಂಬಿದ್ದರು. 1820ರ ದಶಕದಲ್ಲಿ ಪ್ಯಾರಿಸಿನ ಪಿಯೇರ್ ಫ್ಲೂರಾಂಸ್ ಎಂಬ ಶರೀರವಿಜ್ಞಾನಿ ಪಾರಿವಾಳಗಳ ಈ ನಾಳಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದಾಗ ಹಕ್ಕಿ ಕಿವುಡಾಗಲಿಲ್ಲ. ಅದಕ್ಕೆ ಬದಲಾಗಿ, ಯಾವ ನಾಳ ಕತ್ತರಿಸಲ್ಪಟ್ಟಿತೋ ಆ ನಾಳದ ಸಮತಲದಲ್ಲಿಯೇ ಅದರ ತಲೆ ಅತ್ತಿತ್ತ ಹೊಯ್ದಾಡತೊಡಗಿತು. ಮೂರು ನಾಳಗಳೂ ಒಂದಕ್ಕೊಂದು ಬಹುಮಟ್ಟಿಗೆ ಲಂಬವಾಗಿ ನಿಂತಿರುವುದರಿಂದ ತಲೆ ಯಾವ ದಿಕ್ಕಿಗೆ ಹೊರಳಿದರೂ ಅವುಗಳಲ್ಲಿ ಒಂದಾದರೂ ಆ ಚಲನೆಯನ್ನು ಅರಿಯಬಲ್ಲುದು. ನಾಳದೊಳಗಿನ ದ್ರವ ತಲೆಯೊಡನೆ ಕೂಡಲೇ ಚಲಿಸದೆ ಹಿಂದುಳಿಯುವುದು. ಅದರ ಒತ್ತಿಗೆ ಬಾಗುವ ಕೂದಲಿನಂತಹ ಎಳೆಗಳು ನರಕ್ಕೆ ಸುದ್ದಿ ಮುಟ್ಟಿಸುವುವು. ಮಗು ಬಹಳ ಹೊತ್ತು ತಿರುಗಿದಾಗ ದ್ರವವೂ ತಿರುಗತೊಡಗುವುದು, ಮಗು ನಿಂತರೂ ದ್ರವ ಒಡನೆ ನಿಲ್ಲದು. ಅಂಗಳದ ಮರಗಳು ತಿರುಗುವುದು ಆ ಕಾರಣದಿಂದ.

ಈ ಅಂಗದ ನಿತ್ಯದ ಕೆಲಸವೇನೆಂಬುದನ್ನು ಓದುಗರು ಇದೀಗ, ಈ ಪುಟದಲ್ಲಿಯೇ, ಪರೀಕ್ಷಿಸಬಹುದು. ತಲೆಯನ್ನು ನಿಶ್ಚಲವಾಗಿಟ್ಟು ಪುಸ್ತಕವನ್ನು ಎಡಕ್ಕೂ ಬಲಕ್ಕೂ ವೇಗವಾಗಿ ಅಲುಗಿಸಿ, ಅಕ್ಷರಗಳು ಕಲಸಿಹೋಗುವುವು. ಪುಸ್ತಕವನ್ನು ನಿಶ್ಚಲವಾಗಿಟ್ಟು ಅಷ್ಟೇ ವೇಗದಲ್ಲಿ ತಲೆಯನ್ನು ಅಲುಗಿಸಿ. ಅಕ್ಷರಗಳು ಸ್ಪಷ್ಟವಾಗಿಯೇ ನಿಲ್ಲುವುವು. ತಲೆ ಬಲಕ್ಕೆ ಹೊರಳಿದ ಕ್ಷಣವೇ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲದಲ್ಲಿ, ಒಳಗಿವಿಯ ಸುದ್ದಿಯನ್ನು ಹಿಡಿದು ಕಣ್ಣುಗಳು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಹೊರಳುವುವು. ನಡೆಯುವಾಗ, ಬಸ್ಸಿನಲ್ಲಿ ಕುಳಿತಾಗ, ಯಾರೋ ಕರೆದರೆಂದು ಹಿಂತಿರುಗಿ ನೋಡಿದಾಗ ಲೋಕವು ನಮಗೆ ಸ್ಥಿರವಾಗಿ ತೋರುವುದು ಈ ಸೇವೆಯ ಫಲ. ಇದಕ್ಕೆ ನಮ್ಮ ಗಮನ ಬೇಕಾಗಿಲ್ಲ, ಪ್ರಯತ್ನ ಬೇಕಾಗಿಲ್ಲ. ದಣಿವಿನ ವಿಚಾರಕ್ಕೆ ಬರುವಾಗ ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು.

ಒಂದು ನೊಗ, ಎರಡು ಎತ್ತು

ಇನ್ನು ತಲೆಸುತ್ತಿನ ಮರ್ಮಕ್ಕೆ ಬರೋಣ. ತಲೆ ಅಲುಗದಿದ್ದಾಗ, ಎಂಟನೆಯ ನರದ ಭಾಗವಾದ ಸಮತೋಲದ ನರ ಸುಮ್ಮನಿರುವುದೆಂದು ನಾವು ಊಹಿಸುವುದು ಸಹಜ. ಆದರೆ ಅದು ಹಾಗಿಲ್ಲ. ಕೋತಿಗಳಲ್ಲಿ ಅಳೆದು ನೋಡಿದಾಗ, ನಿಶ್ಚಲವಾಗಿ ಕುಳಿತಿರುವಾಗಲೂ ಈ ನರದ ಒಂದೊಂದು ತಂತುವೂ ಸೆಕೆಂಡಿಗೆ ಸುಮಾರು 90 ಸಲ ಮಿಡಿಯುವುದು ಕಂಡುಬಂದಿತು. ಎಡಗಿವಿ, ಬಲಗಿವಿಗಳೆರಡರಿಂದಲೂ ಈ ಮಿಡಿತ ಹಗಲಿರುಳು ಮಿದುಳಿಗೆ ಹರಿಯುತ್ತಿರುವುದು.

ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳನ್ನು ನೆನೆಯಿರಿ. ನೇರವಾದ ದಾರಿಯಲ್ಲಿ ಎರಡೂ ಸಮನಾಗಿ ಎಳೆಯುತ್ತಿರುವುವು. ತಿರುವಿನಲ್ಲಿ ಒಂದರ ಎಳೆತ ಬಲಿಯುವುದು, ಇನ್ನೊಂದರದು ಸಡಿಲುವುದು. ಅನುಭವಶಾಲಿಯಾದ ಗಾಡಿಕಾರನು ಕತ್ತಲಲ್ಲಿ, ದಾರಿಯನ್ನು ಕಾಣದೆ, ಹಗ್ಗದ ಮೇಲೆ ಕೈಯಿಟ್ಟು ಎರಡು ಎಳೆತಗಳ ಅಂತರವೊಂದರಿಂದಲೇ ಗಾಡಿ ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನು ಅರಿಯುವನು. ಮಿದುಳು ಮಾಡುವುದೂ ಇದನ್ನೇ: ಎರಡೂ ಕಡೆಯ ಮಿಡಿತ ಸಮವಾಗಿದ್ದರೆ ತಲೆ ನಿಶ್ಚಲ, ಬಲಗಡೆಯದು ಹೆಚ್ಚಿ ಎಡಗಡೆಯದು ಕುಗ್ಗಿದರೆ ತಲೆ ಬಲಕ್ಕೆ ತಿರುಗುತ್ತಿದೆ. ಈಗ ಎಡಗಡೆಯ ಎತ್ತನ್ನು ಒಮ್ಮೆಗೇ ನೊಗದಿಂದ ಬಿಚ್ಚಿದರೆಂದು ತಿಳಿಯಿರಿ. ಗಾಡಿ ನಿಂತಲ್ಲೇ ನಿಂತಿದ್ದರೂ ಗಾಡಿಕಾರನ ಕೈಗೆ ಬರುವ ಸುದ್ದಿ, ಹಿಂದೆಂದೂ ಕಾಣದಂತಹ ಭಯಂಕರವಾದ ತಿರುವಿನ ಸುದ್ದಿ. ಗೆಡ್ಡೆ ಹುಟ್ಟುವುದು ಸಮತೋಲದ ನರದ ಹೊದಿಕೆಯಲ್ಲಿಯೇ ಆದ್ದರಿಂದ ಶಸ್ತ್ರವೈದ್ಯನು ಗೆಡ್ಡೆಯೊಡನೆ ಆ ನರವನ್ನೂ ಸಾಮಾನ್ಯವಾಗಿ ಕತ್ತರಿಸಬೇಕಾಗುವುದು. ಆ ಕ್ಷಣದಿಂದ ಒಂದು ಕಡೆ ಮೌನ, ಇನ್ನೊಂದು ಕಡೆ ಎಂದಿನ ಮಿಡಿತ. ಮಿದುಳು ತಲೆ ತಿರುಗುತ್ತಿದೆಯೆಂದೇ ನಂಬಿ ಕಣ್ಣುಗಳನ್ನು ಮೌನದ ಕಡೆಗೆ ಮೆಲ್ಲನೆ ಒಯ್ಯುವುದು, ಮತ್ತೆ ಜಗ್ಗಿ ಹಿಂದಕ್ಕೆ ತರುವುದು. ರೋಗಿಯ ಕಣ್ಣುಗಳು ತಾಳ ಹಿಡಿದು ಅದುರುತ್ತಿರುವುದನ್ನು ಪಕ್ಕದಲ್ಲಿ ಕುಳಿತವರೂ ಕಾಣಬಹುದು.

ಎರಡು ಕಡೆಗಳ ಅಂತರವೊಂದೇ ತಲೆಸುತ್ತಿಗೆ ಸಾಕೆಂಬುದನ್ನು ಆರೋಗ್ಯವಂತರಲ್ಲಿಯೂ ತೋರಿಸಬಹುದು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುತ್ತಿದ್ದಾಗ, ನೀರು ತೀರ ತಣ್ಣಗಿದ್ದರೂ ತೀರ ಬಿಸಿಯಾಗಿದ್ದರೂ ಅವರಿಗೆ ತಲೆ ತಿರುಗುವುದನ್ನು ಕಂಡು, ಆ ಶಾಖದ ವ್ಯತ್ಯಾಸ ಒಂದು ಕಿವಿಯ ದ್ರವವನ್ನು ಕದಲಿಸಿ ಸಮವನ್ನು ಕೆಡಿಸುವುದೆಂದು ವಿವರಿಸಿದನು. ಇಂದಿಗೂ ಒಂದೊಂದು ಕಿವಿಯ ಸಮತೋಲ ಶಕ್ತಿಯನ್ನು ಬೇರೆಬೇರೆಯಾಗಿ ಅಳೆಯಲು ಆ ಪರೀಕ್ಷೆ ಬಳಕೆಯಲ್ಲಿದೆ. ಬಾರಾನಿಗೆ 1914ರ ನೊಬೆಲ್ ಪಾರಿತೋಷಕ ಬಂದಾಗ ಅವನು ಮಹಾಯುದ್ಧದಲ್ಲಿ ಸೆರೆಸಿಕ್ಕಿ ರಷ್ಯನ್ನರ ಬಂದಿಯಾಗಿದ್ದನು.

ಮೆಲ್ಲನೆ ಹೋದದ್ದು, ಒಮ್ಮೆಗೇ ಹೋದದ್ದು

ಹಾಗಾದರೆ ಗೆಡ್ಡೆ ಬೆಳೆಯುತ್ತಿದ್ದ ವರ್ಷಗಳಲ್ಲಿ ಇದೇ ನರ ಕುಗ್ಗುತ್ತಿದ್ದರೂ ತಲೆ ಏಕೆ ಸುತ್ತಲಿಲ್ಲ? ಏಕೆಂದರೆ ಆಗ ಅದು ಇಂಚಿಂಚಾಗಿ ಕುಗ್ಗಿತು. ಪ್ರತಿದಿನದ ಅಲ್ಪ ನಷ್ಟವನ್ನು ಮಿದುಳು ಅಂದಂದೇ ಸರಿದೂಗಿಸಿಕೊಂಡಿತು. ಈ ಸರಿದೂಗಿಕೆಯೇ ನಮ್ಮ ಅಧ್ಯಾಯದ ನಾಯಕ. ಶಸ್ತ್ರಕ್ರಿಯೆಗೆ ಮುಂಚೆಯೇ ನರ ಬಹುಮಟ್ಟಿಗೆ ನಷ್ಟವಾಗಿದ್ದವರಿಗೆ ಮರುದಿನದ ತಲೆಸುತ್ತು ಅಲ್ಪವಾಗಿಯೂ, ನರ ಇನ್ನೂ ಚೆನ್ನಾಗಿ ದುಡಿಯುತ್ತಿದ್ದವರಿಗೆ ಅದು ಉಗ್ರವಾಗಿಯೂ ಇರುವುದನ್ನು ವೈದ್ಯರು ಕಂಡಿದ್ದಾರೆ. ಸ್ವೀಡನ್ನಿನ ಲುಂಡ್ ನಗರದ ವೈದ್ಯರು ಈ ಅರಿವನ್ನು ಚಿಕಿತ್ಸೆಯಾಗಿ ಮಾರ್ಪಡಿಸಿದರು: ಒಳಗಿವಿಯ ಸಮತೋಲದ ಕೋಶಗಳನ್ನು ಕೆಡಿಸುವ ಜೆಂಟಮೈಸಿನ್ ಎಂಬ ಔಷಧವನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ರೋಗದ ಕಿವಿಗೆ ಚುಚ್ಚಿ, ಅಭ್ಯಾಸಗಳನ್ನು ಮಾಡಿಸಿ, ನರ ಕತ್ತರಿಸುವ ದಿನದ ಹೊತ್ತಿಗೆ ಮಿದುಳು ಒಂದೇ ಕಿವಿಯ ಬಾಳಿಗೆ ಹೊಂದಿಕೊಂಡಿರುವಂತೆ ಮಾಡಿದರು. ಮುಂದೆ ಬರಲಿರುವ ನಷ್ಟಕ್ಕೆ ದೇಹವನ್ನು ಮುಂಗಡವಾಗಿ ಅಣಿಗೊಳಿಸುವ ಈ ಉಪಾಯ, ನನ್ನ ಅಭಿಪ್ರಾಯದಲ್ಲಿ, ಸಮತೋಲದ ವೈದ್ಯಶಾಸ್ತ್ರದ ಅತ್ಯಂತ ಸುಂದರವಾದ ಆಲೋಚನೆಗಳಲ್ಲಿ ಒಂದು.

ಸರಿದೂಗಿಕೆಯೆಂದರೆ ಮಿದುಳು ನಷ್ಟವನ್ನು ಸುಮ್ಮನೆ ಮರೆತುಬಿಡುವುದಲ್ಲ, ಹೊಸದೊಂದನ್ನು ಕಟ್ಟಿಕೊಳ್ಳುವುದು ಎಂಬುದಕ್ಕೆ ಪ್ರಮಾಣ ದೊರೆತದ್ದು 1883ರಲ್ಲಿ. ರಷ್ಯದ ಬೆಖ್ತೆರೆವ್ ಎಂಬ ವಿಜ್ಞಾನಿ ನಾಯಿಗಳಲ್ಲಿ ಒಂದು ಕಡೆಯ ಸಮತೋಲವನ್ನು ನಾಶಮಾಡಿ, ಅವು ಚೇತರಿಸಿಕೊಂಡು ಸರಿಯಾಗಿ ಓಡಾಡತೊಡಗಿದ ಮೇಲೆ ಇನ್ನೊಂದು ಕಡೆಯದನ್ನೂ ನಾಶಮಾಡಿದನು. ಎರಡೂ ಕಡೆ ಮೌನವಾದ ಮೇಲೆ ಅಂತರವೆಲ್ಲಿಯದು? ಆದರೂ, ಮೊದಲನೆಯ ಕಡೆ ಇನ್ನೂ ಜೀವಂತವಾಗಿರುವುದೋ ಎಂಬಂತೆ, ನಾಯಿಗಳಿಗೆ ಹೊಸದಾಗಿ ತಲೆಸುತ್ತು ಬಂದು ಕಣ್ಣುಗಳು ಅದುರಿದುವು. ಕಿವಿಯಿಂದ ಸುದ್ದಿ ಬಾರದಿದ್ದರೂ ಆ ಕಡೆಯ ಮಿದುಳ ಕಾಂಡದ ಕೇಂದ್ರ ತಾನಾಗಿಯೇ ಮಿಡಿಯುವುದನ್ನು ಕಲಿತುಕೊಂಡಿತ್ತು.

ತಪ್ಪಿನಿಂದ ನಡೆಯುವ ಪಾಠ

ಈ ಕಲಿಕೆಗೆ ಎರಡು ಘಟ್ಟಗಳುಂಟು. ಮೊದಲನೆಯದರಲ್ಲಿ ಕಿರುಮಿದುಳು ಉಳಿದ ಎತ್ತಿನ ಹಗ್ಗವನ್ನು ಬಿಗಿಹಿಡಿದು ಅದರ ಎಳೆತವನ್ನು ತಗ್ಗಿಸುವುದು. ಮೌನವಾದ ಕಡೆಯ ಕೇಂದ್ರ ನಿಧಾನವಾಗಿ ಮತ್ತೆ ಮಿಡಿಯತೊಡಗುವುದು. ಇದು ಬಹುಮಟ್ಟಿಗೆ ತಾನಾಗಿಯೇ ನಡೆಯುವ ಕ್ರಿಯೆ. ಮಲಗಿದಾಗಿನ ಸುತ್ತು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಇಳಿಯುವುದು ಇದರಿಂದ. ಇಲ್ಲಿಗೆ ಮುಗಿಯಿತೆಂದು ರೋಗಿಯೂ ಮನೆಯವರೂ ತಿಳಿಯುವರು. ಆದರೆ ಎದ್ದು ನಡೆದರೆ, ತಲೆ ತಿರುಗಿಸಿದರೆ, ಎದುರಿನ ದೃಶ್ಯ ಇನ್ನೂ ಕಲಸುವುದು. ಏಕೆಂದರೆ ಚಲನೆಯನ್ನು ಅಳೆಯಲು ಈಗ ಇರುವುದು ಒಂದೇ ಕಿವಿ, ಅದರ ಹಳೆಯ ಲೆಕ್ಕ ಈಗ ಹೊಂದದು. ಎರಡನೆಯ ಘಟ್ಟವಾದ ಈ ಹೊಸ ಲೆಕ್ಕದ ಕಲಿಕೆ ತಾನಾಗಿಯೇ ಆಗುವುದಿಲ್ಲ. ತಲೆ ತಿರುಗಬೇಕು, ಕಣ್ಣು ಗುರಿತಪ್ಪಬೇಕು, ದೃಶ್ಯ ಕದಲಬೇಕು, ಆ ತಪ್ಪಿನ ಸುದ್ದಿ ಕಿರುಮಿದುಳಿಗೆ ಮುಟ್ಟಬೇಕು. ಆಗ ಮಾತ್ರ ಅದು ಮುಂದಿನ ಸಲದ ಲೆಕ್ಕವನ್ನು ತಿದ್ದುವುದು. ರೋಗಿಗೆ ಯಾತನೆಯಾಗಿ ತೋರುವ ಆ ಚಿಕ್ಕ ತಲೆಸುತ್ತೇ ಮಿದುಳಿಗೆ ಪಾಠದ ಸಾಮಗ್ರಿ. ಅದು ಬಾರದಂತೆ ಕತ್ತು ಬಿಗಿಹಿಡಿದು ಮಲಗಿದವನಿಗೆ ಪಾಠವೇ ನಡೆಯುವುದಿಲ್ಲ.

ಇದು ಬರಿಯ ತರ್ಕವಲ್ಲ. 1976ರಲ್ಲಿ ಫ್ರಾನ್ಸಿನ ಸಂಶೋಧಕರು ಬಬೂನ್ ಕೋತಿಗಳಲ್ಲಿ ಈ ನರವನ್ನು ಕತ್ತರಿಸಿ, ಕೆಲವನ್ನು ಚಲಿಸಲು ಬಿಟ್ಟು, ಕೆಲವನ್ನು ಮೊದಲ ದಿನಗಳಲ್ಲಿ ಚಲಿಸದಂತೆ ಕಟ್ಟಿಹಾಕಿದರು; ಕಟ್ಟಿಹಾಕಿದುವು ಚೇತರಿಸಿಕೊಳ್ಳುವುದರಲ್ಲಿ ಬಹಳ ಹಿಂದುಳಿದುವು. ಅದಕ್ಕೂ ಮೂವತ್ತು ವರ್ಷ ಮೊದಲೇ, ಎರಡನೆಯ ಮಹಾಯುದ್ಧದ ಕಾಲದ ಲಂಡನ್ನಿನಲ್ಲಿ, ಶಸ್ತ್ರವೈದ್ಯ ಟೆರೆನ್ಸ್ ಕಾಥಾರ್ನ್ ಕಿವಿಯ ಶಸ್ತ್ರಕ್ರಿಯೆಯಾದ ರೋಗಿಗಳಲ್ಲಿ ಬೇಗನೆ ಎದ್ದು ಓಡಾಡಿದವರು ಬೇಗನೆ ಗುಣಹೊಂದುವುದನ್ನು ಗಮನಿಸಿ, ಕುಕ್ಸಿ ಎಂಬ ವೈದ್ಯನೊಡಗೂಡಿ ಒಂದು ಅಭ್ಯಾಸಕ್ರಮವನ್ನು ರೂಪಿಸಿದ್ದನು. ಮಲಗಿದಲ್ಲೇ ಕಣ್ಣುಗಳನ್ನು ಮೇಲೆ ಕೆಳಗೆ, ಅತ್ತ ಇತ್ತ ಹೊರಳಿಸುವುದು. ತಲೆಯನ್ನು ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ, ಕಣ್ಣು ತೆರೆದೂ ಮುಚ್ಚಿಯೂ ತಿರುಗಿಸುವುದು. ಕುಳಿತು, ಬಾಗಿ, ನೆಲದ ಮೇಲಿನ ವಸ್ತುವನ್ನೆತ್ತುವುದು. ನಿಂತು ಚೆಂಡನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಕೈಯಿಂದ ಕೈಗೆ ಎಸೆಯುವುದು. ಮೆಟ್ಟಿಲು ಹತ್ತಿ ಇಳಿಯುವುದು. ಕೊನೆಗೆ ಹಲವರು ಕೂಡಿ ಚೆಂಡಾಟ. ಇಂದಿನ ತಜ್ಞರು ಒಬ್ಬೊಬ್ಬ ರೋಗಿಗೂ ತಕ್ಕ ಅಭ್ಯಾಸಗಳನ್ನು ಆರಿಸಿ ಕೊಡುವರು. ಆದರೆ ಕ್ರಮದ ಜೀವಾಳ ಅದೇ ಆಗಿ ಉಳಿದಿದೆ.

ದಣಿವಿನ ಮೂಲ

ನಡೆಯುವುದು, ನೋಡುವುದು, ನಿಲ್ಲುವುದು—ಇವು ಗಮನವನ್ನು ಬೇಡದೆ ನಡೆಯುತ್ತಿದ್ದುವೆಂದು ಮೇಲೆ ಹೇಳಿದೆನು. ಒಂದು ನರ ಹೋದ ಮೇಲೆ ಅವುಗಳಲ್ಲಿ ಪ್ರತಿಯೊಂದೂ ಮನಸ್ಸಿನ ಕೆಲಸವಾಗಿಬಿಡುವುದು. ಹೊಸಿಲು ದಾಟುವಾಗ ಕಣ್ಣು ನೆಲದ ಮೇಲಿರಬೇಕು, ಪಾದ ನೆಲವನ್ನು ತಡವಬೇಕು, ಕತ್ತಿನ ಸ್ನಾಯುಗಳು ತಲೆಯನ್ನು ಬಿಗಿಹಿಡಿಯಬೇಕು. ಅದೇ ಸಮಯದಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಮನಸ್ಸಿನಲ್ಲಿ ಸ್ಥಳವೇ ಉಳಿದಿರುವುದಿಲ್ಲ. ಬಹುಪಾಲು ರೋಗಿಗಳಿಗೆ ಆ ಕಿವಿಯ ಶ್ರವಣವೂ ಹೋಗಿರುವುದರಿಂದ, ನಾಲ್ಕು ಜನ ಒಟ್ಟಿಗೆ ಮಾತನಾಡುವ ಮದುವೆಮನೆಯಲ್ಲಿ ಒಬ್ಬರ ಮಾತನ್ನು ಹೆಕ್ಕಿ ಕೇಳುವುದೂ ಒಂದು ದುಡಿಮೆ. ಇದರ ಮೇಲೆ ದೀರ್ಘಕಾಲದ ಶಸ್ತ್ರಕ್ರಿಯೆಯ ಬಳಲಿಕೆ, ತಲೆನೋವು, ಕೆಟ್ಟ ನಿದ್ರೆ. ಹೊರಗಿನಿಂದ ನೋಡುವವರಿಗೆ ಗಾಯವಿಲ್ಲ, ಜ್ವರವಿಲ್ಲ. ‘ಈಗ ಚೆನ್ನಾಗಿದ್ದೀರಲ್ಲ, ಇನ್ನೂ ಏಕೆ ಸುಸ್ತು?’ ಎಂದು ಬಂಧುಗಳು ಕೇಳುವರು. ಈ ಪ್ರಶ್ನೆ ಎಷ್ಟು ಜನ ರೋಗಿಗಳ ಧೈರ್ಯವನ್ನು ಉಡುಗಿಸಿದೆಯೋ! ಅವರ ಸುಸ್ತು ಸೋಮಾರಿತನವಲ್ಲ, ಮನೋದೌರ್ಬಲ್ಯವೂ ಅಲ್ಲ. ಹಿಂದೆ ತಾನಾಗಿಯೇ ನಡೆಯುತ್ತಿದ್ದ ಕೆಲಸವನ್ನು ಈಗ ಎಚ್ಚರವಿರುವಷ್ಟು ಹೊತ್ತೂ ಮನಸ್ಸು ಹೊತ್ತಿದೆ. ಹೊಸ ಲೆಕ್ಕ ರೂಢಿಯಾದಂತೆಲ್ಲ ಹೊರೆ ಹಗುರಾಗುವುದು. ಆದರೆ ದಿನಗಳಲ್ಲಲ್ಲ, ತಿಂಗಳುಗಳಲ್ಲಿ.

ಮನೆಯಲ್ಲಿ

ನಮ್ಮ ಮನೆಗಳಲ್ಲಿ ರೋಗಿಯ ಮೇಲಿನ ಪ್ರೀತಿ ಪ್ರಕಟವಾಗುವುದು ‘ನೀನು ಮಲಗಿಕೋ’ ಎಂಬ ಮಾತಿನಲ್ಲಿ. ಇಲ್ಲಿ ಮಾತ್ರ ಆ ಪ್ರೀತಿ ಬೇರೆ ರೂಪ ತಾಳಬೇಕಾಗುವುದು. ಗೋಡೆಯ ಮೇಲಿನ ಕ್ಯಾಲೆಂಡರಿನ ದೊಡ್ಡ ಅಂಕಿಯೊಂದರ ಮೇಲೆ ದೃಷ್ಟಿಯಿಟ್ಟು, ಅಂಕಿ ಸ್ಪಷ್ಟವಾಗಿ ಉಳಿಯುವಷ್ಟೇ ವೇಗದಲ್ಲಿ ತಲೆಯನ್ನು ಎಡಬಲಕ್ಕೆ ತಿರುಗಿಸುವ ಅಭ್ಯಾಸವನ್ನು ದಿನಕ್ಕೆ ಹಲವು ಸಲ, ಒಂದೆರಡು ನಿಮಿಷದಂತೆ, ಮಾಡಿಸಬೇಕು. ಸಂಜೆ ತೋಳು ಹಿಡಿದು ಬೀದಿಯ ಕೊನೆಯವರೆಗೆ ನಡೆಸಬೇಕು. ಅಭ್ಯಾಸದಿಂದ ಎದ್ದ ತಲೆಸುತ್ತು ಕಾಲು ಗಂಟೆಯೊಳಗೆ ಇಳಿಯುವಂತಿದ್ದರೆ ಪ್ರಮಾಣ ಸರಿಯಾಗಿದೆ. ಗಂಟೆಗಟ್ಟಲೆ ಉಳಿದರೆ ಮರುದಿನ ಕಡಿಮೆ ಮಾಡಬೇಕು, ಆದರೆ ನಿಲ್ಲಿಸಬಾರದು. ನಡುನಡುವೆ ವಿಶ್ರಾಂತಿ, ದಣಿವು ಬೀಳಿಸುವುದಕ್ಕೆ ಮೊದಲೇ ತೆಗೆದುಕೊಳ್ಳುವ ವಿಶ್ರಾಂತಿ, ಅವಶ್ಯಕ. ತಲೆಸುತ್ತನ್ನು ಅಡಗಿಸುವ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮೊದಲಾದ ಮಾತ್ರೆಗಳು ಮೊದಲ ದಿನಗಳ ವಾಂತಿಗೆ ದೊಡ್ಡ ಆಸರೆ. ಅವನ್ನೇ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಪಾಠ ಕಲಿಯಬೇಕಾದ ಮಿದುಳನ್ನೇ ಮಂಕಾಗಿಸಿದಂತಾಗುವುದು. ಎಂದು ನಿಲ್ಲಿಸಬೇಕೆಂಬುದನ್ನು ವೈದ್ಯರನ್ನೇ ಕೇಳಿ ತಿಳಿಯಬೇಕು.

ಕೆಲವು ಸ್ಥಳಗಳು ವಿಶೇಷವಾಗಿ ಅಪಾಯಕರ. ಕಿವಿಯ ಸುದ್ದಿ ಅರೆಯಾದಾಗ ಕಣ್ಣೂ ಪಾದವೂ ಆ ಕೊರತೆಯನ್ನು ತುಂಬುವುವು. ಆದುದರಿಂದ ಕಣ್ಣು ಮುಚ್ಚಿ ತಲೆಗೆ ನೀರು ಹೊಯ್ದುಕೊಳ್ಳುವ ಬಚ್ಚಲು, ರಾತ್ರಿ ದೀಪವಿಲ್ಲದ ಹಿತ್ತಿಲು, ಕಾಲ ಕೆಳಗಿನ ಮೆತ್ತನೆಯ ಮರಳು, ಇವುಗಳಲ್ಲಿ ಬೀಳುವ ಭಯ ಹೆಚ್ಚು. ಬಚ್ಚಲಲ್ಲಿ ಹಿಡಿಯಲು ಒಂದು ಕಂಬಿಯೂ ಕೂರಲು ಒಂದು ಮಣೆಯೂ, ಮಲಗುವ ಕೋಣೆಯಲ್ಲಿ ಇರುಳಿಡೀ ಉರಿಯುವ ಚಿಕ್ಕ ದೀಪವೂ ಇರಲಿ. ಕೆರೆ ಹೊಳೆಗಳಲ್ಲಿ ಮುಳುಗಿ ಈಜುವುದು ವರ್ಜ್ಯ. ನೀರಿನೊಳಗೆ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯದೆ ಹೋಗಬಹುದು. ಚೆನ್ನಾಗಿ ಗುಣವಾದ ಮೇಲೆಯೂ ಒಂದು ಜ್ವರವೋ ನಿದ್ದೆಗೆಟ್ಟ ಪ್ರಯಾಣವೋ ಮದ್ಯವೋ ಹಳೆಯ ತಲೆಸುತ್ತನ್ನು ಕೆಲದಿನ ಮರಳಿ ತರುವುದುಂಟು. ಗೆಡ್ಡೆ ಮತ್ತೆ ಬಂದಿತೆಂದು ಆಗ ಅನೇಕರು ಕಂಗೆಡುವರು. ಮಿದುಳು ದಣಿದಾಗ ಸರಿದೂಗಿಕೆ ತಾತ್ಕಾಲಿಕವಾಗಿ ಸಡಿಲುವುದಷ್ಟೆ, ಅಭ್ಯಾಸಗಳನ್ನು ಮತ್ತೆ ಹಿಡಿದರೆ ಅದು ಬಿಗಿಯಾಗುವುದು. ಆದರೆ ಮೂಗಿನಿಂದಲೋ ಗಾಯದಿಂದಲೋ ತಿಳಿನೀರು ಒಸರಿದರೆ, ಜ್ವರದೊಡನೆ ಕತ್ತು ಸೆಟೆದರೆ, ತಲೆನೋವೂ ವಾಂತಿಯೂ ದಿನದಿಂದ ದಿನಕ್ಕೆ ಹೆಚ್ಚಿದರೆ, ರೋಗಿಗೆ ಮಂಪರು ಕವಿದರೆ, ಆಗ ಅಭ್ಯಾಸವನ್ನು ಕುರಿತು ಯೋಚಿಸದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಈ ಗೆಡ್ಡೆಗಳ ಶಸ್ತ್ರಕ್ರಿಯೆ ಬಹುಕಾಲದಿಂದ ನಡೆಯುತ್ತ ಬಂದಿದೆ. ಗೆಡ್ಡೆ ತೆಗೆಯುವ ಕೌಶಲ ನಮ್ಮಲ್ಲಿ ಕಡಿಮೆಯಿಲ್ಲ. ಅನಂತರದ ತಿಂಗಳುಗಳ ಪಾಠವನ್ನು ನಡೆಸಬೇಕಾದವರು ಮಾತ್ರ ರೋಗಿಯೂ ಅವನ ಮನೆಯವರೂ. ಆದುದರಿಂದ ಆಸ್ಪತ್ರೆಯಿಂದ ಹೊರಡುವ ದಿನ ಔಷಧದ ಚೀಟಿಯೊಂದನ್ನೇ ಹಿಡಿದು ಬರಬೇಡಿ. ಅಲ್ಲಿನ ಫಿಸಿಯೋಥೆರಪಿ ವಿಭಾಗವನ್ನು ಕಂಡು, ಯಾವ ಅಭ್ಯಾಸವನ್ನು ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಮಾಡಬೇಕೆಂಬುದನ್ನು ಬರೆಸಿಕೊಂಡು, ಒಮ್ಮೆ ಅವರೆದುರಿಗೇ ಮಾಡಿ ತೋರಿಸಿ, ಆಮೇಲೆ ಮನೆಗೆ ಹೊರಡಿ.